ಕುದುರೆ ಹೋಯಿತು, ಜಹಗೀರು ಉಳಿಯಿತು

ಜಮಖಂಡಿ ಸಂಸ್ಥಾನ ಹುಟ್ಟಿದ್ದು ಯಾಕೆ ಗೊತ್ತಾ? ಕುದುರೆ ಸಾಕೋದಕ್ಕೆ.

ತಮಾಷೆಗೆ ಹೇಳ್ತಿಲ್ಲ. ರಾಮತೀರ್ಥದ ಗುಡ್ಡದ ಮೇಲಿನ ಅರಮನೆ, ದರ್ಬಾರು, ಪಟವರ್ಧನರ ವೈಭವ ಎಲ್ಲ ಆಮೇಲಿನ ಮಾತು. ಮೊದಲು ಇದ್ದದ್ದು ಒಂದು ಕರಾರು. 1760ರ ದಶಕ ಅದು. ದಕ್ಷಿಣದಲ್ಲಿ ಹೈದರ್ ಅಲಿ ದಿನೇ ದಿನೇ ಬೆಳೀತಿದ್ದಾನೆ. ಪುಣೆಯಲ್ಲಿ ಕೂತಿರೋ ಪೇಶ್ವೆ ಮಾಧವರಾಯನಿಗೆ ಕೃಷ್ಣಾ ತೀರದಲ್ಲಿ ಸದಾ ಸಜ್ಜಾಗಿರುವ ದಂಡು ಬೇಕು. ಸಂಬಳ ಕೊಟ್ಟು ಇಟ್ಟುಕೊಳ್ಳೋಣ ಅಂದ್ರೆ ಪಾಣಿಪತ್ತದ ಪೆಟ್ಟಿನಿಂದ ಖಜಾನೆ ಇನ್ನೂ ಎದ್ದಿಲ್ಲ. ಆಗ ಪಟವರ್ಧನ ಮನೆತನದ ಗೋವಿಂದ ಹರಿ ಮತ್ತು ಅವನ ಅಣ್ಣತಮ್ಮಂದಿರ ಮಕ್ಕಳಿಗೆ ಮಿರಜ ಕಡೆಯ ದೊಡ್ಡ ಪ್ರಾಂತವನ್ನೇ ಬರೆದುಕೊಟ್ಟ. ಷರತ್ತು ಏನು? ಎಂಟು ಸಾವಿರ ಕುದುರೆಯ ದಂಡು ಇಟ್ಟಿರಬೇಕು, ಕರೆದಾಗ ಬರಬೇಕು. ಆ ಪ್ರಾಂತವೇ ಮನೆತನದೊಳಗೆ ಪಾಲಾಗಿ ಪಾಲಾಗಿ ಸಾಂಗ್ಲಿ, ಮಿರಜ, ಕುರುಂದವಾಡ, ಜಮಖಂಡಿ ಅಂತ ಬೇರೆ ಬೇರೆ ಸಂಸ್ಥಾನಗಳಾದವು.

ಇದಕ್ಕೆ 'ಸರಂಜಾಮು' ಅಂತಿದ್ರು. ಇವತ್ತು ಸರಂಜಾಮು ಅಂದ್ರೆ ಮದುವೆ ಮನೆಯ ಸಾಮಾನು. ಆಗ ಅದು ದಂಡಿನ ಖರ್ಚಿಗೆ ಅಂತ ಬಿಟ್ಟುಕೊಟ್ಟ ನೆಲದ ಹುಟ್ಟುವಳಿ. ಜೋಳ ಬೆಳೆದ ರೈತ, ಕಂದಾಯ ಎತ್ತಿದ ಗೌಡ, ಲೆಕ್ಕ ಬರೆದ ಕುಲಕರ್ಣಿ, ಇಷ್ಟೂ ಜನ ಸೇರಿ ನಡೆಸಿದ ಯಂತ್ರದ ತುದಿಯಲ್ಲಿ ಇದ್ದದ್ದು ಒಂದು ಕುದುರೆಯ ಬಾಯಿ.

ಮುಧೋಳದ ಕಥೆ ಇನ್ನೂ ಹಳೆಯದು. ಅಲ್ಲಿನ ಘೋರ್ಪಡೆಗಳು ವಿಜಯಪುರದ ಆದಿಲ್‌ಶಾಹಿಗಳ ಸರದಾರರು. 1648ರಲ್ಲಿ ಶಿವಾಜಿಯ ತಂದೆ ಶಹಾಜಿಯನ್ನು ಹಿಡಿದುಕೊಟ್ಟ ಬಾಜಿ ಘೋರ್ಪಡೆ ಇದೇ ಮುಧೋಳದವನು. (ಘೋರ್ಪಡೆ ಅಂದ ಕೂಡಲೇ 'ಘೋಡಾ' ನೆನಪಾಗಿ ಕುದುರೆಯವರು ಅಂದುಕೊಳ್ಳೋರು ಇದ್ದಾರೆ. ಅಲ್ಲ ಸ್ವಾಮಿ, ಮರಾಠಿಯಲ್ಲಿ ಘೋರ್ಪಡ್ ಅಂದ್ರೆ ಉಡ. ಉಡಕ್ಕೆ ಹಗ್ಗ ಕಟ್ಟಿ ಕೋಟೆ ಗೋಡೆ ಹತ್ತಿದ ಪೂರ್ವಜನಿಂದ ಬಂದ ಹೆಸರು ಅಂತ ಮನೆತನದ ಐತಿಹ್ಯ.) ಹೆಸರು ಉಡದ್ದಾದರೂ ಜಹಗೀರು ಸಿಕ್ಕಿದ್ದು ಕುದುರೆ ದಂಡಿನ ಸೇವೆಗೇ. ತೇರದಾಳ, ರಬಕವಿ ಕಡೆ ಸಾಂಗ್ಲಿಯ ಪಟವರ್ಧನರದ್ದು. ಬೀಳಗಿ ಸೀಮೆ ಬ್ರಿಟಿಷರ ನೇರ ಆಳ್ವಿಕೆಗೆ ಬಂತು. ಅಲ್ಲಿಂದ ಸ್ವಲ್ಪ ದೂರದ ಕಲಾದಗಿ, ನಾವೀಗ ಚಿಕ್ಕು ದಾಳಿಂಬೆಗೆ ನೆನೆಯೋ ಊರು, ಆಗ ಅವರ ದಂಡಿನ ಠಾಣೆ.

ಈ ಹಳೇ ಕಡತ ಯಾಕೆ ಬಿಚ್ಚಿದೆ ಅಂದ್ರೆ, ಒಂದು ಪ್ರಶ್ನೆ ಇದೆ. ಶರ್ಯತ್ತಿನ ಗಾಡಿಗೆ ಕಟ್ಟಿಸಿಕೊಂಡು ಕಾಲು ಕಳಕೊಂಡ, ಮದುವೆ ಮೆರವಣಿಗೆಯಲ್ಲಿ ಡಿಜೆ ಸದ್ದಿಗೆ ಕುಣಿದು ಸೊರಗಿದ, ವಯಸ್ಸಾಯ್ತು ಅಂತ ರಸ್ತೆಗೆ ಬಿಟ್ಟ ಕುದುರೆಗಳಿಗೆ ಒಂದಿಷ್ಟು ದೇಣಿಗೆ ಕೂಡಿಸೋಣ ಅಂದರೆ ಎದುರಾಗುವ ಮೊದಲ ಮಾತು: "ಮನಷ್ಯಾಗ ಇಲ್ಲ, ಕುದರಿಗ್ಯಾಕ ಕೊಡೋದ್ರೀ?" ಕೇಳೋದರಲ್ಲಿ ತಪ್ಪಿಲ್ಲ. ಆದರೆ ಉತ್ತರ ದಯೆ, ಧರ್ಮದಲ್ಲಿ ಹುಡುಕೋ ಮೊದಲು ಲೆಕ್ಕದ ಪುಸ್ತಕದಲ್ಲಿ ಹುಡುಕೋಣ. ಕುದುರೆಯ ಹೆಸರಲ್ಲಿ ಬರೆದುಕೊಟ್ಟ ನೆಲ ಏನಾಯ್ತು? ಕುದುರೆ ಏನಾಯ್ತು?

ದಖ್ಖನದಲ್ಲಿ ದೊಡ್ಡ ಯುದ್ಧದ ಕುದುರೆ ಹುಟ್ಟಿಸಿ ಬೆಳೆಸೋದು ಯಾವತ್ತೂ ಕಷ್ಟದ ಕೆಲಸ. ಅದಕ್ಕೇ ವಿಜಯನಗರದ ಅರಸರು, ವಿಜಯಪುರದ ಸುಲ್ತಾನರು ಅರಬ್ ದೇಶದಿಂದ, ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಕುದುರೆ ತರಿಸುತ್ತಿದ್ದರು. ಗೋವಾಕ್ಕಾಗಿ ಅಷ್ಟೊಂದು ಕಾದಾಡಿದ್ದು ಸುಮ್ಮನೆ ಅಲ್ಲ. 1510ರಲ್ಲಿ ಅಲ್ಬುಕರ್ಕ್ ಅದನ್ನು ಆದಿಲ್‌ಶಾಹಿಯಿಂದ ಕಿತ್ತುಕೊಂಡ ಮೇಲೆ ಕುದುರೆ ವ್ಯಾಪಾರದ ಬೀಗದಕೈ ಪೋರ್ಚುಗೀಸರ ಸೊಂಟಕ್ಕೆ ಹೋಯ್ತು. ಪೋರ್ಚುಗೀಸ್ ವರ್ತಕ ನೂನಿಜ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಹಡಗಿನಲ್ಲಿ ಸತ್ತ ಕುದುರೆಗೂ ದುಡ್ಡು ಕೊಡ್ತಿದ್ದನಂತೆ. ವ್ಯಾಪಾರಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಿಗ್ತಿತ್ತು. ವ್ಯಾಪಾರಿ ಹೆದರಿ ಹಡಗು ನಿಲ್ಲಿಸಬಾರದು ಅನ್ನೋ ಉಪಾಯ. ಬಾಲಕ್ಕೆ ಬೆಲೆ ಕಟ್ಟಿದ ನಾಡು ಇದು!

ಅದಕ್ಕೂ ಎರಡು ಶತಮಾನ ಮೊದಲು ಪಾಂಡ್ಯರ ಕರಾವಳಿಗೆ ಬಂದ ಮಾರ್ಕೊ ಪೋಲೋ ಬೇರೆಯೇ ದೂರು ಹೇಳುತ್ತಾನೆ. ಇಲ್ಲಿಯ ಜನಕ್ಕೆ ಕುದುರೆ ನೋಡಿಕೊಳ್ಳೋದು ಗೊತ್ತಿಲ್ಲ, ಲಾಳ ಹೊಡೆಯೋರಿಲ್ಲ, ಅನ್ನ ಮಾಂಸ ಬೇಯಿಸಿ ತಿನ್ನಿಸುತ್ತಾರೆ, ಅದಕ್ಕೇ ವರ್ಷ ತುಂಬೋದರೊಳಗೆ ಸಾಯ್ತವೆ, ಮತ್ತೆ ಕೊಳ್ತಾರೆ ಅಂತ. ಕೊಳ್ಳೋಕೆ ಹಣ ಇತ್ತು, ಉಳಿಸಿಕೊಳ್ಳೋಕೆ ವಿದ್ಯೆ ಇರಲಿಲ್ಲ ಅನ್ನೋದು ಅವನ ಮಾತಿನ ಅರ್ಥ. ಕನ್ನಡ ನಾಡಿನ ಮಟ್ಟಿಗೆ ಇದು ಪೂರ್ತಿ ನಿಜ ಅಲ್ಲ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣ, ಆರೈಕೆಗೆ ಜಾಗ ಕೊಟ್ಟಿದ್ದ. 1400ರ ಸುಮಾರಿಗೆ ಅಭಿನವಚಂದ್ರ ಅನ್ನೋ ಕವಿ ಕುದುರೆ ವೈದ್ಯದ ಬಗ್ಗೆ ಕನ್ನಡದಲ್ಲೇ ಗ್ರಂಥ ಬರೆದ. ಆರು ನೂರು ವರ್ಷದ ಹಿಂದೆ ಕುದುರೆಯ ಕಾಯಿಲೆಗೆ ಕನ್ನಡದಲ್ಲಿ ಪುಸ್ತಕ ಇತ್ತು ಅನ್ನೋದನ್ನ ನಮ್ಮ ಶಾಲೆಗಳಲ್ಲಿ ಯಾರಾದ್ರೂ ಹೇಳಿಕೊಟ್ಟಿದ್ದಾರಾ?

ಆದರೆ ನಮ್ಮ ಈ ನಾಲ್ಕು ಊರುಗಳ ಹೊಲದಲ್ಲಿ ಮೇಯ್ದದ್ದು ಅರಬ್ಬೀ ಕುದುರೆಗಿಂತ ಹೆಚ್ಚಾಗಿ ನಾಡ ಕುದುರೆ. ಗಿಡ್ಡ ಕಾಲು, ಗಟ್ಟಿ ಗೊರಸು, ಸಿಕ್ಕಿದ್ದು ತಿಂದು ದಿನಗಟ್ಟಲೆ ನಡೆಯೋ ಜಾತಿ. ಭೀಮಾ ನದಿಯ ತಡಿಯಲ್ಲಿ ಬೆಳೆದದ್ದಕ್ಕೆ ಭೀಮಥಡಿ ತಟ್ಟು ಅಂತ ಹೆಸರು. ಮರಾಠರು ಅಟಕ್‌ವರೆಗೆ ಹೋದದ್ದು ಇಂಥ ತಟ್ಟುಗಳ ಬೆನ್ನ ಮೇಲೆ. ಕರ್ನಾಲದಲ್ಲಿರುವ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ ಇದನ್ನು ಸ್ವತಂತ್ರ ತಳಿ ಅಂತ ದಾಖಲಿಸಿದ್ದು ಇತ್ತೀಚೆಗೆ. ಸಾಮ್ರಾಜ್ಯ ಹೋಗಿ ಇನ್ನೂರು ವರ್ಷ ಆದ ಮೇಲೆ ಕುದುರೆಗೆ ಗುರುತಿನ ಚೀಟಿ ಸಿಕ್ತು!

ಮರಾಠಾ ದಂಡಿನಲ್ಲಿ ಎರಡು ತರಹದ ಸವಾರರು. ಸರ್ಕಾರದ ಕುದುರೆ ಏರಿದವನು ಬಾರ್ಗೀರ. ಸ್ವಂತ ಕುದುರೆ ತಂದವನು ಶಿಲೇದಾರ. ಬಾರ್ಗೀರನ ಕುದುರೆ ಸತ್ತರೆ ನಷ್ಟ ಸರ್ಕಾರದ್ದು. ಶಿಲೇದಾರನ ಕುದುರೆ ಸತ್ತರೆ ಅವನ ಸಂಸಾರವೇ ಬೀದಿಗೆ. ಶಿವಾಜಿಯ ಕಾಲದ ವ್ಯವಸ್ಥೆಯನ್ನು ಬರೆದಿಟ್ಟ ಸಭಾಸದನ ಬಖರಿನ ಪ್ರಕಾರ ಪ್ರತಿ 25 ಸವಾರರಿಗೆ ಒಬ್ಬ ನೀರು ಹೊರುವವನು, ಒಬ್ಬ ನಾಲಬಂದ. ನಾಲಬಂದ ಅಂದ್ರೆ ಕುದುರೆಗೆ ಲಾಳ ಹೊಡೆಯೋನು, ಗೊರಸು ನೋಡೋನು. ನಮ್ಮ ಉತ್ತರ ಕರ್ನಾಟಕದಲ್ಲಿ ನಾಲಬಂದ, ಶಿಲ್ಲೇದಾರ, ಕುದರಿ ಅನ್ನೋ ಅಡ್ಡಹೆಸರುಗಳು ಈಗಲೂ ಉಂಟು. ಆ ಹೆಸರಿನವರು ಮೇಷ್ಟ್ರಿದ್ದಾರೆ, ವಕೀಲರಿದ್ದಾರೆ, ಮೊಬೈಲ್ ಅಂಗಡಿ ಇಟ್ಟೋರಿದ್ದಾರೆ. ಕುದುರೆಯ ಗೊರಸು ಕೆತ್ತೋಕೆ ಬರುವವರನ್ನ ಮಾತ್ರ ಇವತ್ತು ನಾಲ್ಕು ತಾಲ್ಲೂಕು ಸುತ್ತಿ ಹುಡುಕಬೇಕು.

ಈಗ ಲೆಕ್ಕಕ್ಕೆ ಬರೋಣ. 1818ರಲ್ಲಿ ಪೇಶ್ವೆ ಸೋತ. ಮರುವರ್ಷವೇ ಎಲ್ಫಿನ್‌ಸ್ಟನ್ ಸಾಹೇಬ ದಕ್ಷಿಣ ಮರಾಠಾ ಜಹಗೀರದಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕರಾರು ಬರೆಸಿದ. ಪೇಶ್ವೆಗೆ ಎಷ್ಟು ಕುದುರೆ ಕೊಡಬೇಕಿತ್ತೋ ಅದರ ಕಾಲು ಭಾಗ ಕಂಪನಿಗೆ ಕೊಟ್ಟರೆ ಸಾಕು ಅಂದ. ಒಂದೇ ಸಹಿಗೆ ನಾಲ್ಕರಲ್ಲಿ ಮೂರು ಕುದುರೆಗೆ ಕೆಲಸ ಹೋಯ್ತು! ನೆಲ ಏನಾದ್ರೂ ಕಾಲು ಭಾಗಕ್ಕೆ ಇಳೀತಾ? ಇಲ್ಲ. ಸಾಂಗ್ಲಿಯವರು ದಂಡಿನ ಬದಲಿಗೆ ವರ್ಷಕ್ಕೆ 1,35,000 ರೂಪಾಯಿ ಹುಟ್ಟುವಳಿಯ ನೆಲವನ್ನೇ ಕಂಪನಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಂಡರು. ಉಳಿದವರದು ಕಾಲಾಂತರದಲ್ಲಿ ನಗದು ಪೊಗದಿ ಆಯ್ತು. ಜಮಖಂಡಿ ವರ್ಷಕ್ಕೆ ಸುಮಾರು 20,000 ರೂಪಾಯಿ, ಮುಧೋಳ ಎರಡು ಸಾವಿರ ಚಿಲ್ಲರೆ. ಕುದುರೆಯ ಬದಲು ರೂಪಾಯಿ. ರೂಪಾಯಿಗೆ ಮೇವು ಹಾಕಬೇಕಾಗಿಲ್ಲ, ಅದಕ್ಕೆ ಮುಪ್ಪೂ ಬರಲ್ಲ.

ಹೀಗೆ ಕುದುರೆ ಹೋಯ್ತು, ಜಹಗೀರು ಉಳೀತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರುವ ತನಕ ಉಳೀತು. ಆ ರಾಜರು ಕೆಟ್ಟವರಾಗಿದ್ದರು ಅಂತ ನಾನು ಹೇಳ್ತಿಲ್ಲ. ಶಾಲೆ ಕಟ್ಟಿದ್ದಾರೆ, ಊರು ಬೆಳೆಸಿದ್ದಾರೆ. ಆದರೆ ಯಾವ ಬಾಯಿಯ ಹೆಸರಲ್ಲಿ ನೆಲ ಸಿಕ್ಕಿತೋ ಆ ಬಾಯಿಗೆ ಕೊನೆಯ ತನಕ ಹುಲ್ಲು ಹಾಕಬೇಕು ಅಂತ ಪೇಶ್ವೆಯ ಸನದಿನಲ್ಲೂ ಇರಲಿಲ್ಲ, ಎಲ್ಫಿನ್‌ಸ್ಟನ್‌ನ ಕರಾರಿನಲ್ಲೂ ಇರಲಿಲ್ಲ. ಕುದುರೆಯ ಮುಪ್ಪಿನ ಖರ್ಚು ಯಾರ ಖಾತೆಗೂ ಬೀಳಲಿಲ್ಲ. ಇವತ್ತಿಗೂ ಬಿದ್ದಿಲ್ಲ.

1857ರ ನವೆಂಬರ್ ಕೊನೆಗೆ ಹಲಗಲಿಯ ಬೇಡರು ಆಯುಧ ಒಪ್ಪಿಸೋದಿಲ್ಲ ಅಂದಾಗ ಆ ಊರಿನ ಮೇಲೆ ಬಂದದ್ದೂ ಕುದುರೆ ದಂಡೇ. ಊರು ಸುಟ್ಟರು. ಡಿಸೆಂಬರಿನಲ್ಲಿ 19 ಜನರನ್ನು ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಹಲಗಲಿಯ ಲಾವಣಿ ಕೇಳಿದವರಿಗೆ ಕುದುರೆ ದಂಡು ಅಂದರೆ ಇವತ್ತಿಗೂ ಮೈ ಉರಿಯುತ್ತೆ, ಉರಿಯಲೇಬೇಕು. ಬೆನ್ನ ಮೇಲೆ ಕೂತವನು ಯಾರು ಅಂತ ಕುದುರೆ ಕೇಳಲಿಲ್ಲ ಅಷ್ಟೆ.

ಇನ್ನು ಮುಧೋಳದ ನಾಯಿ. ಇದನ್ನ ಹೇಳದೆ ಮುಂದೆ ಹೋಗೋ ಹಾಗೇ ಇಲ್ಲ. ಬೇಟೆಗೆ ಹೋಗುವಾಗ ಒಂದೇ ಅರಮನೆಯ ಅಂಗಳದಿಂದ ಹೊರಟದ್ದು ಎರಡು ಪ್ರಾಣಿ, ಕುದುರೆ ಮತ್ತು ನಾಯಿ. ರಾಜಾ ಮಾಲೋಜಿರಾವ್ ಘೋರ್ಪಡೆ ನಾಯಿಯ ತಳಿ ಉಳಿಸೋಕೆ ಆಸಕ್ತಿ ತೋರಿಸಿದರು. ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಒಂದು ಜೋಡಿ ಕೊಟ್ಟರು. 2005ರಲ್ಲಿ ಅಂಚೆ ಚೀಟಿ ಬಂತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಬಂತು. ಸೈನ್ಯ ಪರೀಕ್ಷೆಗೆ ಕರೆಸಿಕೊಳ್ತು. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಹೆಸರು ಹೇಳಿದರು, ನಮ್ಮ ಎಲ್ಲ ಚಾನೆಲ್‌ಗಳ ಕ್ಯಾಮೆರಾ ಮುಧೋಳಕ್ಕೆ ಓಡಿದವು. ಒಬ್ಬ ರಾಜ ಕಾಳಜಿ ಮಾಡಿದ್ದಕ್ಕೆ ಒಂದು ಪ್ರಾಣಿ ನೂರು ವರ್ಷ ಮುಂದೆ ಬಂತು. ಅದೇ ಅಂಗಳದ ಕುದುರೆಗೆ ಅಂಥ ಅದೃಷ್ಟ ಬರಲಿಲ್ಲ. ಅದು ಟಾಂಗಾಕ್ಕೆ ಹೋಯ್ತು.

ಟಾಂಗಾದ ಕಾಲವನ್ನು ಕಂಡ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಸಂತೆಗೆ, ಆಸ್ಪತ್ರೆಗೆ, ಪರೀಕ್ಷೆಗೆ, ಸೀರೆ ಗಂಟು ಹೊತ್ತ ನೇಕಾರನಿಗೆ ಟಾಂಗಾವೇ ಬಸ್ಸು. ಆಮೇಲೆ ಆಟೋ ಬಂತು, ಟಂಟಂ ಬಂತು. ಟಾಂಗಾದವನೂ ಒಂದು ತರಹದ ಶಿಲೇದಾರ, ಕುದುರೆಯ ಇಡೀ ಭಾರ ಅವನೊಬ್ಬನದೇ. ಅವನ ಮನೆಯಲ್ಲೇ ಒಲೆ ಹೊತ್ತದಿದ್ದಾಗ ಕುದುರೆಗೆ ಹುರುಳಿ ಎಲ್ಲಿಂದ ತರ್ತಾನೆ? ಕುದುರೆ ಬಿಟ್ಟವನನ್ನು ಟಿವಿಯಲ್ಲಿ ಕೂರಿಸಿ ಬೈಯೋದು ಸುಲಭ. ನಮ್ಮ ಕಡೆಯವರು ಅದನ್ನ ಬೇಕಾದಷ್ಟು ಮಾಡಿದ್ದಾರೆ. ನನಗೆ ಅದರಲ್ಲಿ ಅರ್ಧ ನ್ಯಾಯ ಮಾತ್ರ ಕಾಣುತ್ತೆ.

ಶರ್ಯತ್ತಿನವರ ವಿಷಯ ಹಾಗಲ್ಲ. ಅಲ್ಲಿ ದುಡ್ಡಿದೆ. ಜಾತ್ರೆ, ಉರುಸು, ನಾಯಕರ ಹುಟ್ಟುಹಬ್ಬ ಬಂದ್ರೆ ಕುದುರೆ ಗಾಡಿಯ ಓಟ. ಕೆಲವು ಕಡೆ ಒಂದು ಕುದುರೆ, ಒಂದು ಎತ್ತು ಸೇರಿಸಿ ಒಂದೇ ನೊಗಕ್ಕೆ ಕಟ್ಟಿ ಡಾಂಬರು ರಸ್ತೆಯ ಮೇಲೆ ಓಡಿಸ್ತಾರೆ. ನಡಿಗೆಯೇ ಬೇರೆ, ಎತ್ತರವೇ ಬೇರೆ ಇರೋ ಎರಡು ಪ್ರಾಣಿ! ಹಿಂದೆ ಮೋಟಾರ್ ಬೈಕುಗಳ ಮೆರವಣಿಗೆ, ಕೂಗು, ಹಾರ್ನು. "ಕಂಬಳಕ್ಕೆ ಸುಪ್ರೀಂ ಕೋರ್ಟು ಒಪ್ಪಿದೆಯಲ್ಲ, ನಮಗ್ಯಾಕೆ ಬೇಡ?" ಅಂತ ಕೇಳೋರಿಗೆ ಒಂದು ಮಾತು. 2023ರ ಮೇ 18ರಂದು ಕೋರ್ಟು ಎತ್ತಿಹಿಡಿದದ್ದು ರಾಜ್ಯಗಳ ತಿದ್ದುಪಡಿಗಳನ್ನ. ಕರ್ನಾಟಕದ ತಿದ್ದುಪಡಿ ಕಂಬಳದ ಕೋಣಕ್ಕೆ, ಎತ್ತಿನ ಓಟಕ್ಕೆ. ಕುದುರೆಗಾಡಿ ಅದರೊಳಗೆ ಇಲ್ಲ.

ಹಾಗಾದ್ರೆ ಕಾನೂನು ಕುದುರೆಯನ್ನ ಕಾಯುತ್ತಾ? ನಗಬೇಡಿ, ಹೇಳ್ತೀನಿ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಹೊಡೆದರೆ, ಉಪವಾಸ ಹಾಕಿದರೆ, ಮುದಿ ಪ್ರಾಣಿಯನ್ನ ಬೀದಿಗೆ ಬಿಟ್ಟರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100, ಇಲ್ಲವೇ ಮೂರು ತಿಂಗಳವರೆಗೆ ಜೈಲು. 1960ರಲ್ಲಿ 50 ರೂಪಾಯಿಗೆ ತೂಕ ಇತ್ತು. ಇವತ್ತು ಆ ದುಡ್ಡಿಗೆ ಕುದುರೆಗೆ ಒಂದು ಹೊತ್ತಿನ ಮೇವು ಬರೋದೂ ಕಷ್ಟ. 1965ರ ನಿಯಮ ಇನ್ನೂ ಚೆನ್ನಾಗಿದೆ, ಕಾಗದದ ಮೇಲೆ. ಗಾಡಿ ಎಳೆಯೋ ಪ್ರಾಣಿಯನ್ನ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವು ಕೊಡದೆ ಐದು ಗಂಟೆ ಮೀರಬಾರದು, 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಏಪ್ರಿಲ್ ತಿಂಗಳ ಬೀಳಗಿಯಲ್ಲಿ ಮಟಮಟ ಮಧ್ಯಾಹ್ನ 37 ಡಿಗ್ರಿ ಅಂದ್ರೆ ತಂಪು ಅಂತಾರೆ!

ಇನ್ನು ಪೊಲೀಸರು ಕುದುರೆ ಹಿಡಿದರು ಅಂತಲೇ ಇಟ್ಟುಕೊಳ್ಳಿ. ಎಲ್ಲಿ ಕಟ್ತಾರೆ? ಠಾಣೆಯ ಹಿಂದಿನ ಬೇವಿನ ಮರಕ್ಕೆ? 2017ರ ನಿಯಮದ ಪ್ರಕಾರ ಕೇಸು ಮುಗಿಯೋ ತನಕ ಅದನ್ನ ಗೋಶಾಲೆ, ಪಿಂಜರಾಪೋಲ್, ಆಸ್ಪತ್ರೆ ಇಂಥ ಕಡೆ ಬಿಡಬೇಕು, ಖರ್ಚು ಆರೋಪಿಯಿಂದ ವಸೂಲಿ ಮಾಡಬೇಕು. ವಸೂಲಿ ಕೋರ್ಟಿನ ವೇಗದಲ್ಲಿ ಆಗುತ್ತೆ. ಕುದುರೆಯ ಹೊಟ್ಟೆ ಅಷ್ಟು ಕಾಯಲ್ಲ. ಗೋಶಾಲೆಯವರನ್ನ ಕೇಳಿದರೆ ಅವರಿಗೂ ಅವರದೇ ಕಷ್ಟ. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟರೆ ಗೋಶಾಲೆಯ ಒಂದು ರಾಸನ್ನು ನೀವು ದತ್ತು ಪಡೆಯಬಹುದು. ಒಳ್ಳೆಯ ಯೋಜನೆ, ದೂರು ಇಲ್ಲ. ಆದರೆ ಅದು ಗೋವಿಗೆ. ಗೋವಿಗೆ ಹೆಸರಿದೆ, ಹಾಡಿದೆ, ಓಟಿದೆ. ಕುದುರೆಗೆ ಮೈಲಾರಲಿಂಗನ ವಾಹನ ಅನ್ನೋ ಗೌರವ ಒಂದು ಬಿಟ್ಟರೆ ಏನಿದೆ?

ಇಲ್ಲೇ ಬರೋದು ದೇಣಿಗೆಯ ಇತಿಹಾಸ. ಅದನ್ನ ಸ್ವಲ್ಪ ವಿವರವಾಗೇ ಹೇಳಬೇಕು. ಯಾಕಂದ್ರೆ ಕುದುರೆಗೆ ದುಡ್ಡು ಕೂಡಿಸೋದು ಆಗದ ಮಾತು ಅನ್ನೋರಿಗೆ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಮೊದಲನೇ ಮಹಾಯುದ್ಧ. ಪ್ಯಾಲೆಸ್ಟೈನಿನ ರಣರಂಗ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು, ಜೋಧಪುರದವರ ಜೊತೆ. ಕೈಯಲ್ಲಿ ಈಟಿ, ಎದುರಿಗೆ ಮೆಷಿನ್‌ಗನ್. ಆ ವೀರರ ನೆನಪಿಗೆ ದೆಹಲಿಯಲ್ಲಿ ತೀನ್ ಮೂರ್ತಿ ನಿಂತಿದೆ. ಆದರೆ ಆ ರಣರಂಗದಲ್ಲಿ ಬ್ರಿಟಿಷ್ ಸೈನ್ಯ ಬಳಸಿದ ಸಾವಿರಾರು ಕುದುರೆಗಳನ್ನು ಯುದ್ಧ ಮುಗಿದ ಮೇಲೆ ವಾಪಸ್ ಊರಿಗೆ ಸಾಗಿಸಲಿಲ್ಲ. ಹಡಗಿನ ಖರ್ಚು ದುಬಾರಿ. ಕೆಲವಕ್ಕೆ ಗುಂಡು ಹೊಡೆದರು, ಉಳಿದವನ್ನ ಈಜಿಪ್ಟಿನಲ್ಲೇ ಮಾರಿದರು. ನೋಡಿ, ಎಲ್ಫಿನ್‌ಸ್ಟನ್‌ನ ಲೆಕ್ಕವೇ ಇದು. ಕೆಲಸ ಮುಗೀತು, ಖಾತೆ ಮುಚ್ಚಿತು.

1930ರಲ್ಲಿ ಕೈರೋಗೆ ಬಂದಳು ಡೊರೊಥಿ ಬ್ರೂಕ್. ಸೈನ್ಯಾಧಿಕಾರಿಯ ಹೆಂಡತಿ. ಬೀದಿಯಲ್ಲಿ ಗಾಡಿ ಎಳೀತಿದ್ದ ಮೂಳೆಗೂಡಿನಂಥ ಕುದುರೆಗಳ ಮೈಮೇಲೆ ಸೈನ್ಯದ ಮುದ್ರೆ ಕಾಣಿಸ್ತು. ಯುದ್ಧ ಮುಗಿದು ಹನ್ನೆರಡು ವರ್ಷ ಆಗಿದೆ, ಕುದುರೆಗೆ ಇಪ್ಪತ್ತು ದಾಟಿದೆ, ಇನ್ನೂ ಎಳೀತಿದೆ. ಆಕೆ ಏನು ಮಾಡಿದಳು? 1931ರಲ್ಲಿ ಲಂಡನ್ನಿನ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಗೆ ಒಂದು ಪತ್ರ ಬರೆದಳು. ಅಷ್ಟೇ, ಒಂದು ಪತ್ರ. ಓದಿದವರು ದುಡ್ಡು ಕಳಿಸಿದರು. ಮೂರು ವರ್ಷದಲ್ಲಿ ಆಕೆ ಇಂಥ ಐದು ಸಾವಿರ ಕುದುರೆಗಳನ್ನು ಕೊಂಡಳು. ಕಿತ್ತುಕೊಳ್ಳಲಿಲ್ಲ, ಮಾಲೀಕನಿಗೆ ಬೆಲೆ ಕೊಟ್ಟು ಕೊಂಡಳು. ಆ ಬಡ ಗಾಡಿಯವನ ಹೊಟ್ಟೆಯೂ ಆ ಕುದುರೆಯ ಮೇಲೇ ನಿಂತಿದೆ ಅನ್ನೋದು ಆಕೆಗೆ ಗೊತ್ತಿತ್ತು. ಹೆಚ್ಚಿನವು ಬದುಕಿ ಉಳಿಯೋ ಸ್ಥಿತಿಯಲ್ಲಿ ಇರಲಿಲ್ಲ. ಕೆಲವು ದಿನ ಮೆತ್ತಗೆ ಹುಲ್ಲು ಹಾಸಿ, ಹೊಟ್ಟೆ ತುಂಬ ಮೇವು ಕೊಟ್ಟು, ಆಮೇಲೆ ನೋವಿಲ್ಲದ ಸಾವು ಕೊಡಿಸಿದಳು. 1934ರಲ್ಲಿ ಕೈರೋದಲ್ಲಿ ಕುದುರೆ ಆಸ್ಪತ್ರೆ ತೆರೆದಳು, ಬಡವರ ದುಡಿಯೋ ಕುದುರೆಗಳಿಗೆ ಪುಕ್ಕಟೆ ಚಿಕಿತ್ಸೆ. ಆಕೆಯ ಹೆಸರಿನ ಸಂಸ್ಥೆ ಇವತ್ತು ಭಾರತದಲ್ಲೂ ಕೆಲಸ ಮಾಡುತ್ತೆ.

ವಿದೇಶದ ಮಾತು ಬೇಡ ಅಂತೀರಾ? ನಮ್ಮ ಮುಂಬಯಿ ಪ್ರಾಂತವನ್ನೇ ತೊಗೊಳ್ಳಿ. 1883ರಲ್ಲಿ ಪಾರ್ಸಿ ಗಿರಣಿ ಮಾಲೀಕ ದಿನ್ಶಾ ಮಾಣೆಕ್‌ಜಿ ಪೆಟಿಟ್ ಹೆಂಡತಿ ಸಾಕರಬಾಯಿಯ ಹೆಸರಲ್ಲಿ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆಗೆ ದಾನ ಕೊಟ್ಟ. ಆಗ ಮುಂಬಯಿಯ ಟ್ರಾಮು ಎಳೀತಿದ್ದದ್ದು ಕುದುರೆಗಳೇ. ಆ ಆಸ್ಪತ್ರೆ ಈಗಲೂ ಇದೆ. ಇನ್ನೂ ಹತ್ತಿರ ಬನ್ನಿ. ಕೃಷ್ಣೆಯ ಆಚೆ, ಅದೇ ಪಟವರ್ಧನರ ಇನ್ನೊಂದು ಪಾಲು, ಸಾಂಗ್ಲಿ. ಅಲ್ಲಿ 2003ರಿಂದ 'ಅನಿಮಲ್ ರಾಹತ್' ಅನ್ನೋ ಸಂಸ್ಥೆ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ಎತ್ತು, ಇಟ್ಟಿಗೆ ಹೊರುವ ಕತ್ತೆ, ಗಾಡಿಯ ಕುದುರೆಗಳಿಗೆ ಊರಿಗೇ ಹೋಗಿ ಚಿಕಿತ್ಸೆ ಕೊಡುತ್ತೆ, ದುಡಿದು ಮುಗಿದವನ್ನ ಸಾಕುತ್ತೆ. ನಡೆಯೋದು ದೇಣಿಗೆಯ ಮೇಲೆ. ಬೆಂಗಳೂರಿನಲ್ಲಿ 1991ರಿಂದ 'ಕ್ಯೂಪಾ' ಇದೆ. ಜಮಖಂಡಿಯಲ್ಲಿ ಕಾಲು ಮುರಿದ ಕುದುರೆ ಬೆಂಗಳೂರಿಗೆ ಹೇಗೆ ಹೋಗುತ್ತೆ ಹೇಳಿ? ಲಾರಿಯಲ್ಲಿ ನಿಂತೇ ಹೋಗಬೇಕು, ಐದು ನೂರು ಕಿಲೋಮೀಟರ್.

ಹಾಗಾಗಿ ಕೊಡೋದಾದರೆ ಇಲ್ಲೇ ಕೊಡಬೇಕು, ತಿಳಿದು ಕೊಡಬೇಕು. ಮುನ್ನೂರು ಕಿಲೋ ತೂಗುವ ನಾಡ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣಮೇವು ಬೇಕು, ಅಂದ್ರೆ ತಿಂಗಳಿಗೆ 180 ಕಿಲೋ. ನೀರು ದಿನಕ್ಕೆ 20ರಿಂದ 30 ಲೀಟರ್, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ಗೊರಸು ಆರೆಂಟು ವಾರಕ್ಕೊಮ್ಮೆ ಕೆತ್ತಬೇಕು. ಹಲ್ಲು ವರ್ಷಕ್ಕೊಮ್ಮೆಯಾದರೂ ಅರದಿಂದ ಉಜ್ಜಬೇಕು, ಇಲ್ಲಾಂದ್ರೆ ಚೂಪಾಗಿ ಬೆಳೆದು ಬಾಯಿ ಹರಿದು, ಮುಂದೆ ಮೇವಿದ್ದರೂ ಅಗಿಯೋಕಾಗದೆ ಸೊರಗುತ್ತೆ. ಕುದುರೆ 25-30 ವರ್ಷ ಬದುಕೋ ಪ್ರಾಣಿ. 15ಕ್ಕೆ ದುಡಿಮೆ ಮುಗಿದರೆ ಇನ್ನೂ ಹತ್ತು ಹದಿನೈದು ವರ್ಷದ ಊಟ ಬಾಕಿ. ಇವತ್ತು ಕಣಿಕಿಯ ರೇಟು ಎಷ್ಟಿದೆ ನಿಮಗೇ ಗೊತ್ತು, ಗುಣಿಸಿ ನೋಡಿ. ಫೋಟೋ ನೋಡಿ ಒಂದು ಸಲ ಹತ್ತು ಸಾವಿರ ಹಾಕೋ ಒಬ್ಬರಿಗಿಂತ, ತಿಂಗಳಿಗೆ ನೂರರಂತೆ ಮರೀದೆ ಕೊಡೋ ಐವತ್ತು ಜನ ಅದಕ್ಕೆ ಹೆಚ್ಚು ಬೇಕು.

ಇನ್ನೊಂದು ಎಚ್ಚರಿಕೆ. ನಮ್ಮ ಜನ ದಾಸೋಹದ ಜನ, ಕೈ ದೊಡ್ಡದು. ಬಡಕಲು ಕುದುರೆ ಕಂಡ ಕೂಡಲೇ ಬುಟ್ಟಿ ತುಂಬ ಕಡಲೆ, ಉಳಿದ ಹೋಳಿಗೆ, ಅನ್ನ ತಂದು ಸುರೀತಾರೆ. ದಯವಿಟ್ಟು ಬೇಡ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ತಿಂದದ್ದು ಹೊಟ್ಟೆಯಲ್ಲೇ ಹುಳಿಯಾಗಿ ಶೂಲೆ ಬಂದು ರಾತ್ರಿಯೊಳಗೆ ಸಾಯಬಹುದು. ಬಹಳ ದಿನ ಉಪವಾಸ ಇದ್ದ ಕುದುರೆಗೆ ಒಣಹುಲ್ಲನ್ನೇ ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ ಕೊಡಬೇಕು, ಕಾಳು ಆಮೇಲೆ, ಡಾಕ್ಟರು ಹೇಳಿದ ಮೇಲೆ. ಮಾರ್ಕೊ ಪೋಲೋ ನೋಡಿದ ಅನ್ನದ ಬಾನಿ ಮತ್ತೆ ಇಡಬೇಡಿ. ಹಾಗೇ ಯಾರಾದ್ರೂ ಕುದುರೆ ಉಳಿಸ್ತೀವಿ ಅಂತ ಚಂದಾ ಪುಸ್ತಕ ಹಿಡಿದು ಬಂದರೆ ಮೊದಲು ಕುದುರೆ ಎಲ್ಲಿದೆ ತೋರಿಸಿ ಅನ್ನಿ. ಗೊರಸು ನೋಡಿ. ಗೊರಸು ಉದ್ದ ಬೆಳೆದು ಚಪ್ಪಲಿಯ ಮೂತಿ ಹಾಗೆ ಮೇಲಕ್ಕೆ ತಿರುಗಿದ್ದರೆ ದುಡ್ಡು ಬೇರೆಲ್ಲೋ ಹೋಗ್ತಿದೆ ಅಂತ ಅರ್ಥ.

ಕೊನೆಗೆ ನೆಲದ ಮಾತು. ಇದು ಶುರುವಾದದ್ದೇ ನೆಲದಿಂದ ಅಲ್ವಾ. 2001ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ಮಾಡಿದೆ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು, ಅದಕ್ಕೆ ಪ್ರಾಣಿಗಳ ಆಸ್ಪತ್ರೆ, ಆಶ್ರಯ ಕಟ್ಟೋಕೆ ರಾಜ್ಯ ಸರ್ಕಾರ ಸಾಕಷ್ಟು ಜಾಗ ಕೊಡಬೇಕು. 'ಕೊಡಬಹುದು' ಅಂತ ಅಲ್ಲ, 'ಕೊಡಬೇಕು' ಅಂತಿದೆ. ಎಂಟು ಸಾವಿರ ಕುದುರೆಯ ಹೆಸರಲ್ಲಿ ಪ್ರಾಂತಗಳನ್ನೇ ಬರೆದುಕೊಟ್ಟಿದ್ದ ಸೀಮೆ ಇದು. ನಾವು ಕೇಳೋದು ನಾಲ್ಕು ಎಕರೆ. ಜಮಖಂಡಿ-ಮುಧೋಳ ರಸ್ತೆಯಲ್ಲಿ ಸಿಕ್ಕರೆ ರಬಕವಿ-ಬನಹಟ್ಟಿಯವರಿಗೂ ಬೀಳಗಿಯವರಿಗೂ ಹತ್ತಿರ. ಹತ್ತು ಹದಿನೈದು ಕುದುರೆಗೆ ಒಂದು ತಗಡಿನ ಶೆಡ್ಡು, ಒಂದು ಬೋರ್‌ವೆಲ್, ನೆರಳಿಗೆ ನಾಲ್ಕು ಬೇವಿನ ಗಿಡ, ತಿಂಗಳಿಗೆ ಎರಡು ಸಲ ಬರೋ ಪಶುವೈದ್ಯ, ಗೊರಸು ಕೆತ್ತೋಕೆ ಕಲಿತ ಇಬ್ಬರು ಹುಡುಗರು. ಮೇವಿನ ಖರ್ಚು ಊರಿನವರದು, ನೆಲ ಸರ್ಕಾರದ್ದು. ಅರ್ಜಿ ಬರೆಯಬೇಕಾದ್ದು ಬಾಗಲಕೋಟೆಯ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ. 2001ರ ನಿಯಮದ ಹೆಸರು ಅರ್ಜಿಯ ಮೊದಲ ಸಾಲಿನಲ್ಲೇ ಇರಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.